ಉರುಳಿಸಿದ ವಿಮಾನಗಳೆಷ್ಟು? ಓದುಗರ ಪ್ರಶ್ನೆಗಳಿಗೆ ಉತ್ತರ

ರಕ್ಷಣಾ ಸುದ್ದಿಗಳ ಬಗ್ಗೆ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಸೇನೆಗಳು, ಸರ್ಕಾರಗಳು ಹೇಳಿಕೊಳ್ಳುವ ಸಂಖ್ಯೆಗಳನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ಕೇಳಿವೆ. ಅವುಗಳಲ್ಲಿ ಐದನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: 2025ರ ಮೇ ತಿಂಗಳ ಸಂಘರ್ಷದಲ್ಲಿ ಭಾರತ, ಪಾಕಿಸ್ತಾನಗಳೆರಡೂ ಎದುರಾಳಿಯ ಐದಾರು ವಿಮಾನಗಳನ್ನು ಉರುಳಿಸಿದ್ದಾಗಿ ಹೇಳಿಕೊಂಡಿವೆ. ಇಬ್ಬರಲ್ಲಿ ಒಬ್ಬರಾದರೂ ಸುಳ್ಳು ಹೇಳುತ್ತಿರಬೇಕಲ್ಲವೇ? (ಓದುಗರು, ಹುಬ್ಬಳ್ಳಿ)

ಉತ್ತರ: ಯಾರೂ ಸುಳ್ಳು ಹೇಳದೆಯೂ ಲೆಕ್ಕ ತಪ್ಪುವುದುಂಟು. 1940ರ ಸೆಪ್ಟೆಂಬರ್ 15ರಂದು ಲಂಡನ್ನಿನ ಮೇಲೆ ನಡೆದ ಕಾಳಗದಲ್ಲಿ 185 ಜರ್ಮನ್ ವಿಮಾನಗಳನ್ನು ಉರುಳಿಸಿದ್ದಾಗಿ ಬ್ರಿಟನ್ ಪ್ರಕಟಿಸಿತು. ಯುದ್ಧ ಮುಗಿದ ಮೇಲೆ ಜರ್ಮನಿಯ ದಾಖಲೆಗಳೊಂದಿಗೆ ಹೋಲಿಸಿ ನೋಡಿದಾಗ ನಿಜವಾದ ಸಂಖ್ಯೆ ಅರವತ್ತರ ಆಸುಪಾಸಿನದೆಂದು ತಿಳಿಯಿತು. ಕೆಲವೇ ಕ್ಷಣಗಳಲ್ಲಿ ಮುಗಿದುಹೋಗುವ ಗೊಂದಲದಲ್ಲಿ ಮೂವರು ಪೈಲಟ್‌ಗಳು ಒಂದೇ ವಿಮಾನಕ್ಕೆ ಗುಂಡು ಹಾರಿಸಿ, ಮೂವರೂ ಅದು ತಮ್ಮಿಂದಲೇ ಬಿತ್ತೆಂದು ಪ್ರಾಮಾಣಿಕವಾಗಿ ವರದಿ ಕೊಡುತ್ತಿದ್ದರು. ಹೊಗೆಯುಗುಳುತ್ತ ಮೋಡದೊಳಕ್ಕೆ ಇಳಿದ ವಿಮಾನ ಹೇಗೋ ತನ್ನ ನೆಲೆ ತಲುಪಿದ್ದರೂ ಅದು ಬಿದ್ದದ್ದರ ಪಟ್ಟಿಗೇ ಸೇರುತ್ತಿತ್ತು. ಜರ್ಮನರ ಕಡೆಯೂ ಇದೇ ಕಥೆ, ಆದರೆ ಅವರು ತೆತ್ತ ಬೆಲೆ ದೊಡ್ಡದು: ತಮ್ಮದೇ ಉಬ್ಬಿದ ಲೆಕ್ಕವನ್ನು ನಂಬಿ, ಬ್ರಿಟನ್ನಿನಲ್ಲಿ ಯುದ್ಧವಿಮಾನಗಳೇ ಮುಗಿಯುತ್ತ ಬಂದಿವೆಯೆಂದು ಭಾವಿಸಿದ್ದ ಅವರಿಗೆ ಅದೇ ದಿನ ಆಕಾಶದ ತುಂಬ ಬ್ರಿಟಿಷ್ ವಿಮಾನಗಳು ಎದುರಾದವು.

ಇಂದಿನ ಪೈಲಟ್ ಹತ್ತಾರು ಕಿಲೋಮೀಟರ್ ದೂರದಿಂದ ಕ್ಷಿಪಣಿ ಬಿಡುತ್ತಾನೆ. ಗುರಿ ಬಿದ್ದದ್ದನ್ನು ಅವನು ಕಣ್ಣಾರೆ ಕಾಣುವುದು ಅಪರೂಪ. ರೇಡಾರ್ ಪರದೆಯಿಂದ ಚುಕ್ಕಿ ಮಾಯವಾಯಿತೆಂದರೆ ವಿಮಾನ ಬಿದ್ದಿರಬಹುದು, ಇಲ್ಲವೇ ಬೆಟ್ಟದ ಮರೆಗೆ ತಗ್ಗಿ ಹಾರಿ ತಪ್ಪಿಸಿಕೊಂಡಿರಲೂಬಹುದು. 2025ರ ಆಗಸ್ಟ್ 9ರಂದು ಬೆಂಗಳೂರಿನಲ್ಲಿ ನಡೆದ ಏರ್ ಚೀಫ್ ಮಾರ್ಷಲ್ ಎಲ್.ಎಂ. ಕತ್ರೆ ಸ್ಮಾರಕ ಉಪನ್ಯಾಸದಲ್ಲಿ ವಾಯುಪಡೆಯ ಮುಖ್ಯಸ್ಥ ಎ.ಪಿ. ಸಿಂಗ್ ಅವರು ಐದು ಪಾಕಿಸ್ತಾನಿ ಯುದ್ಧವಿಮಾನಗಳನ್ನೂ, ಸುಮಾರು 300 ಕಿ.ಮೀ. ದೂರದಲ್ಲಿದ್ದ ಒಂದು ದೊಡ್ಡ ವಿಮಾನವನ್ನೂ ಉರುಳಿಸಿದ್ದಾಗಿ ಹೇಳಿದರು. ಪಾಕಿಸ್ತಾನ ಅದನ್ನು ಅಲ್ಲಗಳೆಯಿತು. ಇಂಥ ಹೇಳಿಕೆಯ ಹಿಂದಿರುವ ಎಲೆಕ್ಟ್ರಾನಿಕ್ ದತ್ತಾಂಶ ಎಷ್ಟೇ ಗಟ್ಟಿಯಾಗಿದ್ದರೂ ಅದು ಸೇನೆಯ ಕೈಯಲ್ಲಿರುತ್ತದೆ, ಹೊರಗಿನವರು ತೂಗಿ ನೋಡುವ ಹಾಗಿರುವುದಿಲ್ಲ. ಹೊರಗಿನವರಿಗೆ ದಕ್ಕುವುದು ನೆಲಕ್ಕೆ ಬಿದ್ದ ಅವಶೇಷ, ಅದರ ಬಾಲದ ಮೇಲಿನ ಸಂಖ್ಯೆ, ಪೈಲಟ್‌ನ ಹೆಸರು ಇಷ್ಟೇ.

ಅವಶೇಷ ಸಿಕ್ಕಾಗಲೂ ಅದು ಯಾವುದನ್ನು ರುಜುವಾತುಪಡಿಸುತ್ತದೆ ಎಂದು ಕೇಳಿಕೊಳ್ಳಬೇಕು. 2019ರ ಫೆಬ್ರವರಿ 27ರಂದು ಭಾರತ, ಪಾಕಿಸ್ತಾನಗಳ ನಡುವೆ ನಡೆದ ಕಾಳಗದ ನಂತರ ಭಾರತ ಪ್ರದರ್ಶಿಸಿದ, ಪಾಕಿಸ್ತಾನದ ವಿಮಾನಗಳಲ್ಲಿ ಎಫ್-16 ಮಾತ್ರ ಹಾರಿಸಬಲ್ಲ ಅಮ್ರಾಮ್ ಕ್ಷಿಪಣಿಯ ತುಂಡು, ಪಾಕಿಸ್ತಾನ ಅಂದು ಎಫ್-16 ವಿಮಾನಗಳನ್ನು ಬಳಸಿತೆಂಬುದಕ್ಕೆ ಬಲವಾದ ಸಾಕ್ಷಿ. ಭಾರತ ಹೇಳಿಕೊಂಡಂತೆ ಎಫ್-16 ಒಂದು ಉರುಳಿತೆಂಬುದಕ್ಕೆ ಅದೊಂದೇ ಸಾಲದು.

ಯಾವುದೇ ದೇಶ ತನ್ನ ಗೆಲುವಿನ ಬಗ್ಗೆ ಹೇಳುವುದಕ್ಕಿಂತ ತನ್ನ ನಷ್ಟದ ಬಗ್ಗೆ ಒಪ್ಪಿಕೊಳ್ಳುವುದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. 2019ರ ಅದೇ ದಿನ ಬಡ್ಗಾಮ್‌ನಲ್ಲಿ ಬಿದ್ದ ಮಿ-17 ಹೆಲಿಕಾಪ್ಟರ್ ನಮ್ಮದೇ ಕ್ಷಿಪಣಿಗೆ ತುತ್ತಾಯಿತೆಂದು ವಾಯುಪಡೆಯ ಮುಖ್ಯಸ್ಥರು ಅಕ್ಟೋಬರ್‌ನಲ್ಲಿ ಬಹಿರಂಗವಾಗಿ ಹೇಳಿದರು. 2025ರ ಮೇ 31ರಂದು ಸಿಂಗಪುರದಲ್ಲಿ ಭಾರತದ ಆಗಿನ ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್ ಅವರು ವಿಮಾನಗಳ ನಷ್ಟವಾದದ್ದನ್ನು ಒಪ್ಪಿ, ಆರು ವಿಮಾನಗಳೆಂಬ ಪಾಕಿಸ್ತಾನದ ಲೆಕ್ಕವನ್ನು ತಳ್ಳಿಹಾಕಿದರು. ಇಂಥ ಮಾತುಗಳು ತಡವಾಗಿ ಬರುತ್ತವೆ, ಆದರೆ ಬಂದ ಮೇಲೆ ನಿಲ್ಲುತ್ತವೆ.

ಪ್ರಶ್ನೆ: ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರು 1965ರಲ್ಲಿ ಮಡಿದರೂ ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಇಷ್ಟು ತಡವಾದದ್ದೇಕೆ? (ಓದುಗರು, ಮಡಿಕೇರಿ)

ಉತ್ತರ: ಅವರು ಮಾಡಿದ್ದೇನೆಂದು ಭಾರತೀಯ ವಾಯುಪಡೆಗೇ ಗೊತ್ತಿರಲಿಲ್ಲ. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಒಂದನೇ ಸ್ಕ್ವಾಡ್ರನ್ನಿನ ಮಿಸ್ತೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟಾಗ ದೇವಯ್ಯ ಮೀಸಲು ಪೈಲಟ್ ಆಗಿ ಅವುಗಳ ಜೊತೆಗೂಡಿದ್ದರು. ಉಳಿದವರು ಮರಳಿದರು, ದೇವಯ್ಯ ಮರಳಲಿಲ್ಲ. ಅವರನ್ನು ಕಾಣೆಯಾದವರೆಂದು ದಾಖಲಿಸಲಾಯಿತು.

ಮುಂದೆ 1979ರಲ್ಲಿ, ಪಾಕಿಸ್ತಾನ ವಾಯುಪಡೆಯ ನೆರವು ಪಡೆದು ಬ್ರಿಟಿಷ್ ಲೇಖಕರೊಬ್ಬರು ಬರೆದ ಪುಸ್ತಕದಿಂದ ನಡೆದದ್ದು ಬೆಳಕಿಗೆ ಬಂತು. ದೇವಯ್ಯ ಅವರ ವಿಮಾನವನ್ನು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಎಂಬ ಪೈಲಟ್ ಎಫ್-104 ಸ್ಟಾರ್‌ಫೈಟರ್‌ನಲ್ಲಿ ಅಡ್ಡಗಟ್ಟಿದ್ದರು. ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲದ್ದು. ಮಿಸ್ತೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟದ ವಿಮಾನ. ಪೆಟ್ಟು ತಿಂದ ಮೇಲೂ ದೇವಯ್ಯ ತಿರುಗಿ ನಿಂತು ಸೆಣಸಿ ಎದುರಾಳಿಯ ವಿಮಾನಕ್ಕೆ ಗುಂಡಿಟ್ಟರು. ಅಮ್ಜದ್ ಪ್ಯಾರಾಚೂಟ್‌ನಿಂದ ಪಾರಾದರು. ದೇವಯ್ಯ ಬದುಕಿ ಉಳಿಯಲಿಲ್ಲ. ಆ ದಾಳಿಯ ಮುಂದಾಳಾಗಿದ್ದ ಓ.ಪಿ. ತನೇಜಾ ಅವರು ಮನ್ನಣೆಗಾಗಿ ಒತ್ತಾಯಿಸಿದ ಮೇಲೆ ಪ್ರಶಸ್ತಿ ಬಂತು.

ಅದೇ ದಿನ, ಅದೇ ಸರ್ಗೋಧಾದ ಆಕಾಶದಲ್ಲಿ, ಒಂದೇ ನಿಮಿಷದೊಳಗೆ ಐದು ಭಾರತೀಯ ಹಂಟರ್ ವಿಮಾನಗಳನ್ನು ಉರುಳಿಸಿದರೆಂದು ಪಾಕಿಸ್ತಾನದ ಎಂ.ಎಂ. ಆಲಂ ಅವರ ಹೆಸರಿನಲ್ಲಿ ಹೇಳಲಾಗುತ್ತದೆ. ಭಾರತದ ಕಡೆಯವರು ಈ ಸಂಖ್ಯೆಯನ್ನು ಒಪ್ಪಿಲ್ಲ. ಆ ದಿನ ಜಗತ್ತಿನೆಲ್ಲೆಡೆ ಹರಡಿದ ಹೇಳಿಕೆ ಇಂದಿಗೂ ವಿವಾದದಲ್ಲಿದೆ. ಯಾರೂ ಹೇಳಿಕೊಳ್ಳದ, ಹೇಳಲು ದೇವಯ್ಯ ಬದುಕಿಯೇ ಇರದ ಗೆಲುವನ್ನು ಎದುರಾಳಿಯ ಕಡೆಯ ವಿವರಗಳೇ ಖಚಿತಪಡಿಸಿದವು.

ಪ್ರಶ್ನೆ: ಪೇಟ್ರಿಯಟ್‌ನಂತಹ ರಕ್ಷಣಾ ವ್ಯವಸ್ಥೆಗಳು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕ್ಷಿಪಣಿಗಳನ್ನು ತಡೆಯುತ್ತವೆ ಎಂಬ ಮಾತು ನಿಜವೇ? (ಓದುಗರು, ಮೈಸೂರು)

ಉತ್ತರ: ಇಂಥ ಸಂಖ್ಯೆಗಳ ಹುಟ್ಟು ನೋಡಬೇಕಾದರೆ 1991ರ ಕೊಲ್ಲಿ ಯುದ್ಧಕ್ಕೆ ಹೋಗಬೇಕು. ಆ ವರ್ಷದ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಅವರು ಪೇಟ್ರಿಯಟ್ ತಯಾರಾಗುವ ಕಾರ್ಖಾನೆಯಲ್ಲಿ ನಿಂತು, ಇರಾಕ್ ಹಾರಿಸಿದ 42 ಸ್ಕಡ್ ಕ್ಷಿಪಣಿಗಳಲ್ಲಿ 41ನ್ನು ಅಡ್ಡಗಟ್ಟಲಾಗಿದೆ ಎಂದರು. ಯುದ್ಧದ ನಂತರ ಅಮೆರಿಕದ ಸೇನೆಯೇ ತನ್ನ ಅಂದಾಜನ್ನು ಒಂದಕ್ಕಿಂತ ಹೆಚ್ಚು ಬಾರಿ ಇಳಿಸಿ, ಕೊನೆಗೆ ಸೌದಿ ಅರೇಬಿಯಾದಲ್ಲಿ ಶೇ 70, ಇಸ್ರೇಲಿನಲ್ಲಿ ಶೇ 40 ಎಂಬಲ್ಲಿಗೆ ಬಂದು ನಿಂತಿತು. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 1992ರಲ್ಲಿ ಪರಿಶೀಲಿಸಿದಾಗ, ಸಿಡಿತಲೆ (ಕ್ಷಿಪಣಿಯ ಸ್ಫೋಟಕ ತುಂಬಿದ ಭಾಗ) ನಾಶವಾಯಿತೆಂಬುದಕ್ಕೆ ಅತ್ಯಂತ ಬಲವಾದ ಸಾಕ್ಷ್ಯ ಇದ್ದದ್ದು ಸುಮಾರು ಶೇ 9ರಷ್ಟು ಪ್ರಸಂಗಗಳಲ್ಲಿ ಮಾತ್ರ. ‘ಅಡ್ಡಗಟ್ಟಿದೆವು’ ಎಂದರೆ ಎರಡು ಕ್ಷಿಪಣಿಗಳು ಆಕಾಶದಲ್ಲಿ ಒಂದನ್ನೊಂದು ಹಾದುಹೋದವು ಎಂದಷ್ಟೇ ಅರ್ಥವೆಂದು ಸೇನಾಧಿಕಾರಿಯೊಬ್ಬರು ಸಂಸತ್ತಿನ ಸಮಿತಿಯ ಮುಂದೆ ವಿವರಿಸಿದ್ದು, ಓದುವವರಿಗೆ ಇವತ್ತಿಗೂ ನಗು ತರಿಸುತ್ತದೆ.

ಆದರೆ 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ದಹ್ರಾನಿನಲ್ಲಿ ನಡೆದದ್ದು ನಗುವ ವಿಷಯವಲ್ಲ. ನೂರು ಗಂಟೆಗೂ ಹೆಚ್ಚು ಕಾಲ ನಿಲ್ಲಿಸದೆ ಚಾಲನೆಯಲ್ಲಿದ್ದ ವ್ಯವಸ್ಥೆಯ ಗಣಕದಲ್ಲಿ ಸಮಯದ ಎಣಿಕೆ ಸುಮಾರು ಮೂರನೇ ಒಂದು ಸೆಕೆಂಡಿನಷ್ಟು ತಪ್ಪಿತ್ತು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ರೇಡಾರ್ ತಪ್ಪು ಜಾಗದಲ್ಲಿ ಹುಡುಕಿತು, ಪೇಟ್ರಿಯಟ್ ಹಾರಲೇ ಇಲ್ಲ, 28 ಅಮೆರಿಕನ್ ಸೈನಿಕರು ಸತ್ತರು.

ಅಂದಿನ ಪೇಟ್ರಿಯಟ್ ಗುರಿಯ ಬಳಿ ಸಿಡಿಯುತ್ತಿತ್ತು. ಅದರ ಇಂದಿನ ಮಾದರಿಯಾದ ಪ್ಯಾಕ್-3 ಗುರಿಗೇ ನೇರವಾಗಿ ಢಿಕ್ಕಿ ಹೊಡೆಯುತ್ತದೆ. ಹಾಗಾಗಿ 1991ರ ಸಂಖ್ಯೆಯಿಂದ ಇಂದಿನದನ್ನು ಅಳೆಯುವುದೂ ನ್ಯಾಯವಲ್ಲ. ಶೇಕಡಾವಾರು ಕಂಡಾಗ, ತಡೆದದ್ದು ಸಿಡಿತಲೆಯನ್ನೋ ಕ್ಷಿಪಣಿಯ ಒಡಲನ್ನೋ, ಭಾಗಿಸಿದ್ದು ಬಂದ ಒಟ್ಟು ಕ್ಷಿಪಣಿಗಳಿಂದಲೋ ಅಥವಾ ತಡೆಯಲು ಯತ್ನಿಸಿದವುಗಳಿಂದ ಮಾತ್ರವೋ ಎಂದು ನೋಡಿ.

ಪ್ರಶ್ನೆ: ತೇಜಸ್ ಖರೀದಿಗೆ ‘ಒಪ್ಪಿಗೆ’ ಎಂಬ ಸುದ್ದಿಯನ್ನು ಎಷ್ಟೋ ಸಲ ಓದಿದ್ದೇನೆ. ಒಂದೇ ವಿಮಾನವನ್ನು ಎಷ್ಟು ಸಲ ಕೊಳ್ಳುತ್ತಾರೆ? (ಓದುಗರು, ಬೆಂಗಳೂರು)

ಉತ್ತರ: ಒಂದೇ ಸಲ, ಆದರೆ ಸುದ್ದಿ ಮೂರು ಸಲ ಬರುತ್ತದೆ. ಎರಡನೆಯ ಕಂತಿನ 97 ತೇಜಸ್ ಮಾರ್ಕ್-1ಎ ವಿಮಾನಗಳು ಬೇಕೆಂದು ರಕ್ಷಣಾ ಖರೀದಿ ಮಂಡಳಿ ಒಪ್ಪಿದ್ದು 2023ರ ನವೆಂಬರ್‌ನಲ್ಲಿ. ಪ್ರಧಾನಿಯವರ ನೇತೃತ್ವದ ಸಂಪುಟ ಸಮಿತಿ ಹಣಕ್ಕೆ ಒಪ್ಪಿದ್ದು 2025ರ ಆಗಸ್ಟ್‌ನಲ್ಲಿ. ಎಚ್‌ಎಎಲ್ ಜೊತೆ ಸುಮಾರು 62,370 ಕೋಟಿ ರೂಪಾಯಿಯ ಒಪ್ಪಂದಕ್ಕೆ ಸಹಿ ಬಿದ್ದದ್ದು ಸೆಪ್ಟೆಂಬರ್ 25ರಂದು. ಸಹಿಯೇ ನಿಜವಾದ ಖರೀದಿ. ಅದಾದ ಮೇಲೂ ವಿಮಾನ ಕೈಸೇರಲು ವರ್ಷಗಳು ಬೇಕು. 2021ರ ಫೆಬ್ರವರಿಯಲ್ಲಿ ಸಹಿಯಾದ ಮೊದಲ 83 ವಿಮಾನಗಳ ಪೂರೈಕೆ 2024ರಲ್ಲಿ ಶುರುವಾಗಬೇಕಿತ್ತು, ಆದರೆ ಅವುಗಳಿಗಾಗಿ ಅಮೆರಿಕದಿಂದ ಬರಬೇಕಿದ್ದ ಎಫ್-404 ಎಂಜಿನ್‌ಗಳಲ್ಲಿ ಮೊದಲನೆಯದು ಬಂದದ್ದೇ 2025ರ ಮಾರ್ಚ್‌ನಲ್ಲಿ.

ಪ್ರಶ್ನೆ: ಹೈಪರ್‌ಸಾನಿಕ್ ಕ್ಷಿಪಣಿಯನ್ನು ತಡೆಯಲು ಸಾಧ್ಯವೇ ಇಲ್ಲವಂತೆ, ಹೌದೇ? (ಓದುಗರು, ಶಿವಮೊಗ್ಗ)

ಉತ್ತರ: ಶಬ್ದದ ಐದು ಪಟ್ಟಿಗಿಂತ ಹೆಚ್ಚಿನ ವೇಗವನ್ನು ಹೈಪರ್‌ಸಾನಿಕ್ ಎನ್ನುತ್ತಾರೆ; ದೂರಗಾಮಿ ಬ್ಯಾಲಿಸ್ಟಿಕ್ ಕ್ಷಿಪಣಿಗಳು ದಶಕಗಳಿಂದಲೂ ಅದಕ್ಕಿಂತ ವೇಗವಾಗಿಯೇ ಸಾಗುತ್ತಿವೆ. ಹೊಸತೆಂದರೆ ಅಂಥ ವೇಗದಲ್ಲಿ ವಾತಾವರಣದೊಳಗೇ ದಿಕ್ಕು ಬದಲಿಸುತ್ತ ಹೋಗುವುದು, ಕಷ್ಟವೂ ಅಲ್ಲೇ. ಯಾರಿಂದಲೂ ತಡೆಯಲಾಗದೆಂದು ರಷ್ಯಾ 2018ರಲ್ಲಿ ಪರಿಚಯಿಸಿದ ಕಿಂಝಾಲ್ ಕ್ಷಿಪಣಿಯೊಂದನ್ನು ಉಕ್ರೇನ್ 2023ರ ಮೇ ತಿಂಗಳಲ್ಲಿ ಪೇಟ್ರಿಯಟ್ ಬಳಸಿಯೇ ಉರುಳಿಸಿತು, ಅಮೆರಿಕದ ರಕ್ಷಣಾ ಇಲಾಖೆ ಅದನ್ನು ದೃಢಪಡಿಸಿತು. ನಮ್ಮ ಬ್ರಹ್ಮೋಸ್ ಅನ್ನು ಕೆಲವು ವಾಹಿನಿಗಳು ಇದೇ ಪಟ್ಟಿಗೆ ಸೇರಿಸುತ್ತವೆ. ಸದ್ಯ ಸೇನೆಯಲ್ಲಿರುವ ಬ್ರಹ್ಮೋಸ್‌ನ ವೇಗ ಶಬ್ದದ ಸುಮಾರು 2.8 ಪಟ್ಟು, ಅಂದರೆ ಅದು ಸೂಪರ್‌ಸಾನಿಕ್.