ನಿಮಗೇನೂ ತೊಂದರೆ ಇಲ್ಲದಿದ್ದರೂ ಸಿಎಎ (ಪೌರತ್ವ ತಿದ್ದುಪಡಿ ಕಾಯ್ದೆ) ವಿರೋಧಿ ಪ್ರತಿಭಟನೆಗೆ ಯಾಕೆ ಹೋದಿರಿ? ಹೋಗಿ ಏನಾದರೂ ಪ್ರಯೋಜನ ಆಯಿತಾ?

ಹೋಗಿದ್ದೆ, ಎರಡು ಸಲ. 2019ರ ಡಿಸೆಂಬರಿನಲ್ಲಿ ಕುಂಬಳೆ ಪೇಟೆಯಲ್ಲಿ ಒಮ್ಮೆ, 2020ರ ಜನವರಿ 26ಕ್ಕೆ ಕಾಸರಗೋಡಿನಲ್ಲಿ ಇನ್ನೊಮ್ಮೆ. "ನೀವು ಹಿಂದೂ, ಮತ್ತೆ ಯಾಕೆ ಹೋದದ್ದು" ಅಂತ ಕೇಳಿದ್ದೀರಿ. ನನ್ನ ಅಪ್ಪನೂ ಇದನ್ನೇ ಕೇಳಿದ್ದರು. ಇಷ್ಟು ಮರ್ಯಾದೆಯಿಂದ ಅಲ್ಲ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಒಂದು ಅಕ್ಷಯ ಕೇಂದ್ರದಲ್ಲಿ ಕೆಲಸ ಮಾಡುವವನು. ಕರ್ನಾಟಕದವರಿಗೆ ಅರ್ಥ ಆಗಬೇಕಾದರೆ, ನಿಮ್ಮ ಗ್ರಾಮ ಒನ್ ಇದ್ದ ಹಾಗೆ. ಆಧಾರ್ ತಿದ್ದುವುದು, ರೇಷನ್ ಕಾರ್ಡ್ ಅರ್ಜಿ, ಆದಾಯ ಸರ್ಟಿಫಿಕೇಟ್, ಪೆನ್ಶನ್ ಮಸ್ಟರಿಂಗ್ (ಪೆನ್ಶನ್ ಪಡೆಯುವವರು ಬದುಕಿದ್ದಾರೆ ಅಂತ ಬೆರಳೊತ್ತಿಸಿ ದಾಖಲು ಮಾಡುವುದು). ದಿನಕ್ಕೆ ಎಷ್ಟೋ ಜನರ ಹೆಸರು ಟೈಪ್ ಮಾಡುತ್ತೇನೆ. ನನ್ನ ಉತ್ತರ ಪೂರ್ತಿ ಅಲ್ಲಿಂದಲೇ ಹುಟ್ಟಿದ್ದು.

ನಮ್ಮೂರಿನಲ್ಲಿ ಒಂದು ಹೆಸರು ಮೂರು ನಾಲ್ಕು ಭಾಷೆ ದಾಟಿ ಕಾರ್ಡಿಗೆ ಬರಬೇಕು. ಮನೆಯಲ್ಲಿ ತುಳುವೋ ಬ್ಯಾರಿಯೋ, ಶಾಲೆಯ ರಿಜಿಸ್ಟರಿನಲ್ಲಿ ಕನ್ನಡ, ಆಫೀಸಿನಲ್ಲಿ ಮಲಯಾಳ, ಕಾರ್ಡಿನಲ್ಲಿ ಇಂಗ್ಲಿಷ್. 1956ರ ನವೆಂಬರ್ 1ರ ತನಕ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಹಳೆಯ ಮನೆಗಳ ಪೆಟ್ಟಿಗೆಯಲ್ಲಿ ಜಾಗದ ಕಾಗದ ಇವತ್ತಿಗೂ ಕನ್ನಡದಲ್ಲಿ ಸಿಗುತ್ತದೆ. ಹೆಸರು ಮಲಯಾಳಕ್ಕೆ ಹೋದ ಕೂಡಲೇ ಅದರ ಬಾಲಕ್ಕೆ ಒಂದು 'ನ್' ಅಂಟಿಕೊಳ್ಳುತ್ತದೆ. ರಾಮ ರಾಮನ್, ನಾರಾಯಣ ನಾರಾಯಣನ್. ಊರಿಗೂ ತಪ್ಪಿದ್ದಲ್ಲ, ಮಂಜೇಶ್ವರ ಮಂಜೇಶ್ವರಂ ಆಗುತ್ತದೆ. ಇನ್ನು 'ಕುಂಞಿ' ಅಂತ ನಮ್ಮಲ್ಲಿ ಬಹಳ ಜನರ ಹೆಸರಿನಲ್ಲಿ ಉಂಟು. ಆ 'ಞಿ'ಯನ್ನು ಇಂಗ್ಲಿಷಿನಲ್ಲಿ ಒಬ್ಬರು ಎನ್ ಎಚ್ ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಎನ್ ಜೆ, ಮತ್ತೊಬ್ಬರು ಬರೀ ಎರಡು ಎನ್. ಇದು ದೊಡ್ಡ ವಿಷಯ ಅಂತ ಯಾರಿಗೂ ಅನಿಸಿರಲಿಲ್ಲ. ಬ್ಯಾಂಕಿನಲ್ಲಿ ತಕರಾರು ಬಂದರೆ ಮಾತ್ರ ತಿದ್ದಿಸಲು ಬರುತ್ತಿದ್ದರು.

2019ರ ಡಿಸೆಂಬರ್ 11ಕ್ಕೆ ರಾಜ್ಯಸಭೆಯಲ್ಲೂ ಸಿಎಎ ಪಾಸಾಯಿತು. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ 2014ರ ಡಿಸೆಂಬರ್ 31ರ ಒಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರು ಕಾಗದ ಇಲ್ಲದಿದ್ದರೂ ಅಕ್ರಮ ವಲಸಿಗರಲ್ಲ. 11 ವರ್ಷದ ಬದಲು 5 ವರ್ಷ ಇದ್ದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಮುಸ್ಲಿಮರ ಹೆಸರು ಪಟ್ಟಿಯಲ್ಲಿಲ್ಲ. ಶ್ರೀಲಂಕಾದಿಂದ ಓಡಿ ಬಂದ ತಮಿಳರೂ ಇಲ್ಲ, ಆ ದೇಶವೇ ಪಟ್ಟಿಯಲ್ಲಿಲ್ಲ. (ನಮ್ಮ ಪಕ್ಕದ ಸುಳ್ಯದ ರಬ್ಬರ್ ತೋಟಗಳಲ್ಲಿ 1964ರ ಒಪ್ಪಂದದ ಮೇಲೆ ಲಂಕಾದಿಂದ ಬಂದ ತಮಿಳರ ಕುಟುಂಬಗಳಿವೆ. ಆಗ ಯಾರ ಧರ್ಮವನ್ನೂ ಕೇಳಿರಲಿಲ್ಲ.)

ಮಂಗಳೂರಿನಲ್ಲಿರುವ ನನ್ನ ಭಾವ ಫೋನ್ ಮಾಡಿ, "ಇದು ಪೌರತ್ವ ಕೊಡುವ ಕಾನೂನು ಮಾರಾಯ, ಕಿತ್ತುಕೊಳ್ಳುವುದಲ್ಲ" ಅಂದ. ಕಾನೂನನ್ನು ಮಾತ್ರ ಓದಿದರೆ ಅವನು ಹೇಳಿದ್ದು ಸರಿ, ಒಪ್ಪುತ್ತೇನೆ. ಆದರೆ ಆ ವರ್ಷ ಆಗಸ್ಟ್ 31ಕ್ಕೆ ಅಸ್ಸಾಮಿನ ಎನ್‌ಆರ್‌ಸಿ ಪಟ್ಟಿ, ಅಂದರೆ ಕಾಗದ ತೋರಿಸಿ ಪೌರರು ಅಂತ ಸಾಬೀತು ಮಾಡಿದವರ ಪಟ್ಟಿ, ಬಂದಿತ್ತು. ಅರ್ಜಿ ಹಾಕಿದ 3.3 ಕೋಟಿ ಜನರಲ್ಲಿ 19 ಲಕ್ಷಕ್ಕೂ ಹೆಚ್ಚು ಜನ ಹೊರಗೆ. ನವೆಂಬರಿನಲ್ಲಿ ಗೃಹಮಂತ್ರಿಗಳು ಇದನ್ನು ದೇಶ ಪೂರ್ತಿ ಮಾಡುತ್ತೇವೆ ಅಂತ ಸಂಸತ್ತಿನಲ್ಲೇ ಹೇಳಿದರು. ಡಿಸೆಂಬರ್ 22ಕ್ಕೆ ಪ್ರಧಾನಿಗಳು ಎನ್‌ಆರ್‌ಸಿ ಬಗ್ಗೆ ಚರ್ಚೆಯೇ ಆಗಿಲ್ಲ ಅಂದರು. ಅಷ್ಟು ಹೊತ್ತಿಗೆ ನಮ್ಮ ಕೌಂಟರಿನ ಮುಂದೆ ಸಾಲು ಶುರುವಾಗಿ ವಾರ ಕಳೆದಿತ್ತು.

ಆ ಸಾಲಿನಲ್ಲಿ ನಮ್ಮ ನೆರೆಮನೆಯ ಮುಸ್ಲಿಂ ಹಿರಿಯರು, ನಾವು ಇಚ್ಚ ಅಂತ ಕರೆಯುವವರು, ಇದ್ದರು. ಎಪ್ಪತ್ತು ದಾಟಿದವರು. ಇಪ್ಪತ್ತು ವರ್ಷ ದುಬೈಯಲ್ಲಿ ದುಡಿದು ಬಂದು ಈಗ ಅಡಿಕೆ ನೋಡಿಕೊಂಡಿರುವವರು. ಒಂದು ಪ್ಲಾಸ್ಟಿಕ್ ಕವರಿನಲ್ಲಿ ಏಳು ಕಾಗದ ತಂದಿದ್ದರು. ಏಳರಲ್ಲಿ ಹೆಸರು ಐದು ತರ. ಅವುಗಳಲ್ಲಿ ಒಂದು ತಪ್ಪು ನನ್ನದೇ. ಹಿಂದೊಮ್ಮೆ ರೇಷನ್ ಕಾರ್ಡಿನ ಅರ್ಜಿ ತುಂಬುವಾಗ ಊಟದ ಹೊತ್ತು ಅಂತ ಅವಸರದಲ್ಲಿ ಹಾಕಿದ್ದೆ.

"ಮೋನೇ, ಇದರಲ್ಲಿ ಯಾವುದನ್ನು ಇಟ್ಟುಕೊಂಡು ಯಾವುದನ್ನು ಬದಲಿಸುವುದು?" ಅಂತ ಕೇಳಿದರು.

ನನಗೆ ಉತ್ತರ ಗೊತ್ತಿರಲಿಲ್ಲ. ಆಧಾರನ್ನು ಪಾಸ್‌ಪೋರ್ಟಿಗೆ ಸರಿ ಮಾಡಿದರೆ ಜಾಗದ ಕಾಗದಕ್ಕೆ ತಪ್ಪುತ್ತದೆ. ಜಾಗದ ಕಾಗದ ಅವರ ಅಪ್ಪನ ಹೆಸರಿನಲ್ಲಿ. ಆ ಅಪ್ಪನ ಹೆಸರು ಪಾಸ್‌ಪೋರ್ಟಿನಲ್ಲಿ ಬೇರೆ ತರ. ಒಂದು ತೂತು ಮುಚ್ಚಿದರೆ ಇನ್ನೊಂದು ಕಡೆ ಸೋರುತ್ತದೆ.

ಸಂಜೆ ಮನೆಗೆ ಬಂದು ಸುಮ್ನೆ ಕುತೂಹಲಕ್ಕೆ ಅಪ್ಪನ ಕಾಗದಗಳನ್ನು ತೆಗೆದು ನೋಡಿದೆ. ರೇಷನ್ ಕಾರ್ಡಿನಲ್ಲಿ ಅಪ್ಪನ ಹೆಸರಿಗೂ ಆ 'ನ್' ಬಾಲ ಉಂಟು. ಹುಟ್ಟಿದ ವರ್ಷ ಎರಡು ಕಡೆ ಎರಡು. ತೋರಿಸಿದೆ. "ಇರಲಿ ಬಿಡು, ಯಾರು ಕೇಳುತ್ತಾರೆ" ಅಂತ ಹೇಳಿ ಅಪ್ಪ ಟಿವಿ ನೋಡಿದರು. ರಾತ್ರಿ ಒಳ್ಳೆ ಗೊರಕೆ. ಆಚೆ ಮನೆಯಲ್ಲಿ ಇಚ್ಚನಿಗೆ ನಿದ್ದೆ ಇಲ್ಲ ಅಂತ ಅವರ ಮನೆಯವರು ಬೇಲಿಯ ಹತ್ತಿರ ಅಮ್ಮನಿಗೆ ಹೇಳಿದ್ದರು. ಇಬ್ಬರ ಕಾಗದದಲ್ಲೂ ಒಂದೇ ಜಾತಿಯ ತಪ್ಪು. ಒಬ್ಬರೇ ಯಾಕೆ ಎದ್ದು ಕೂತಿದ್ದಾರೆ? ನಾನು ಮೆರವಣಿಗೆಗೆ ಹೋದದ್ದು ಇದಕ್ಕೇ. ಕಾನೂನಿನ ಮುಂದೆ ಎಲ್ಲರೂ ಸಮಾನ ಅನ್ನುವ ಸಂವಿಧಾನದ 14ನೇ ವಿಧಿ ಎಲ್ಲ ಆಮೇಲೆ ಓದಿದ್ದು.

ತಮಾಷೆ ಏನು ಗೊತ್ತಾ? ನಾಳೆ ಅಪ್ಪನನ್ನೂ ಕಾಗದ ಕೇಳಿ ಸಿಕ್ಕಿಸಿದರೆ ಈ ಕಾನೂನು ಅವರ ಸಹಾಯಕ್ಕೆ ಬರುವುದಿಲ್ಲ. ಬರಬೇಕಾದರೆ ಅವರು ತಾನು ಬಾಂಗ್ಲಾದೇಶದಿಂದ ಬಂದವನು ಅಂತ ಹೇಳಬೇಕು! ಕುಂಬಳೆ ಬಿಟ್ಟು ಧರ್ಮಸ್ಥಳದಿಂದ ಆಚೆಗೆ ಹೋಗದ ಮನುಷ್ಯ. ಹಾಗಾಗಿ 'ನಿಮಗೇನೂ ತೊಂದರೆ ಇಲ್ಲ' ಅನ್ನುವ ಮಾತು ನನಗೆ ಅಷ್ಟು ಸರಿ ಕಾಣುವುದಿಲ್ಲ.

ಕುಂಬಳೆಯ ಮೆರವಣಿಗೆ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಒಂದು ಗಂಟೆ ನಡೆದೆವು. ಘೋಷಣೆ ಕೂಗಲು ನನಗೆ ನಾಚಿಕೆ ಆಯಿತು, ತುಟಿ ಮಾತ್ರ ಆಡಿಸಿದೆ. ಮಲಯಾಳದವರು ಜಿಂದಾಬಾದ್‌ಗೆ 'ಸಿಂದಾಬಾದ್' ಅನ್ನುತ್ತಾರೆ, ಅದು ಬಾಯಿಗೆ ಬರುವಷ್ಟರಲ್ಲಿ ಮೆರವಣಿಗೆ ಮುಗಿದಿತ್ತು. ಅದಾಗಿ ಸ್ವಲ್ಪ ದಿನಕ್ಕೆ, ಡಿಸೆಂಬರ್ 19ಕ್ಕೆ, ಮಂಗಳೂರಿನಲ್ಲಿ ಪೊಲೀಸ್ ಗೋಲಿಬಾರಿಗೆ ಇಬ್ಬರು ಸತ್ತರು. ಕರ್ಫ್ಯೂ, ಇಂಟರ್ನೆಟ್ ಬಂದ್. ಅಕ್ಕನ ಮಗಳು ಅಲ್ಲಿ ಹಾಸ್ಟೆಲಿನಲ್ಲಿದ್ದಳು. ಸಿಕ್ಕಿಬಿದ್ದ ಮಕ್ಕಳಿಗಾಗಿ ಕೇರಳ ಸರ್ಕಾರ ಕಳಿಸಿದ ಬಸ್ಸಿನಲ್ಲಿ ಮನೆಗೆ ಬಂದಳು. ಅದರ ನಂತರ ಅಪ್ಪ ಬೈಯುವುದು ಬಿಟ್ಟರು, ಹೆದರಲು ಶುರು ಮಾಡಿದರು.

ಎರಡನೆಯದು ಎಡರಂಗದ ಮಾನವ ಸರಪಳಿ. ಕಾಸರಗೋಡಿನಿಂದ ತೆಂಕಣ ತುದಿಯ ಕಳಿಯಿಕ್ಕಾವಿಳೆಯವರೆಗೆ, ಸುಮಾರು 620 ಕಿ.ಮೀ. ಇಲ್ಲೊಂದು ಕೊಸರು ಉಂಟು. ಕೇರಳ ಶುರುವಾಗುವುದು ತಲಪಾಡಿಯಿಂದ, ಸರಪಳಿ ಶುರುವಾದದ್ದು ಕಾಸರಗೋಡು ಪೇಟೆಯಿಂದ. ನಡುವಿನ ಮಂಜೇಶ್ವರ, ಉಪ್ಪಳ, ಕುಂಬಳೆ, ಅಂದರೆ ಕನ್ನಡದವರು ಜಾಸ್ತಿ ಇರುವ ಜಾಗ, ಹೊರಗೆ. ಯಾರನ್ನೂ ಹೊರಗಿಡಬೇಡಿ ಅಂತ ಹೇಳುವ ಸರಪಳಿಗೆ ಸೇರಲು ನಾನು ಬಸ್ಸು ಹತ್ತಿ ಹೋಗಬೇಕಾಯಿತು!

ಇದೇ ಎಡರಂಗದ ಸರ್ಕಾರ 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡಿದಾಗ ನಾವು ಕನ್ನಡಿಗರು ಕಲೆಕ್ಟರೇಟಿನ ಎದುರು ಕೂತಿದ್ದೆವು. ಅಲ್ಲಿ ನನ್ನ ಪಕ್ಕ ಇಚ್ಚನ ಮೊಮ್ಮಗ ಕೂತಿದ್ದ, ಅವನೂ ಕನ್ನಡ ಮೀಡಿಯಂ. ಅವನಿಗೆ ಆಗ ನಾನು "ನಿನಗೆ ಯಾಕೆ ಇದು" ಅಂತ ಕೇಳಿರಲಿಲ್ಲ.

ಸರಿಯಾಗಿ ನಾಲ್ಕು ಗಂಟೆಗೆ ಕೈ ಹಿಡಿದು ನಿಂತೆವು. ಸಂವಿಧಾನದ ಪೀಠಿಕೆಯನ್ನು ಮಲಯಾಳದಲ್ಲಿ ಓದಿದರು. ನಾನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಕನ್ನಡದಲ್ಲಿ, ಬಾಯಿಗೆ ಅದೇ ಬಂತು. ಬಲಗಡೆ ನಿಂತಿದ್ದವರು ಒಮ್ಮೆ ತಿರುಗಿ ನೋಡಿ ಸುಮ್ಮನಾದರು.

ಪ್ರಯೋಜನ ಆಯಿತಾ? ಕಾನೂನು ಹಾಗೇ ಉಂಟು. ಕೇರಳ ವಿಧಾನಸಭೆ ಅದರ ವಿರುದ್ಧ ನಿರ್ಣಯ ಮಾಡಿತು, ಸರ್ಕಾರ ಸುಪ್ರೀಂ ಕೋರ್ಟಿಗೂ ಹೋಯಿತು. ಮಾರ್ಚಿಗೆ ಕೊರೋನಾ ಬಂದು ಎಲ್ಲ ನಿಂತಿತು. 2024ರ ಮಾರ್ಚ್ 11ಕ್ಕೆ ನಿಯಮಗಳೂ ಬಂದವು. ನಾನು ಕೂತು ಓದಿದೆ, ಕೆಲಸದ ಚಟ. ಅರ್ಜಿ ಹಾಕುವವರು ತೋರಿಸುವ ಕೆಲವು ದಾಖಲೆಗಳ ಅವಧಿ ಮುಗಿದಿದ್ದರೂ ನಡೆಯುತ್ತದೆ ಅಂತ ಅದರಲ್ಲಿ ಬರೆದಿದ್ದಾರೆ. ಬಡವರ ಹತ್ತಿರ ಕಾಗದ ಸರಿ ಇರುವುದಿಲ್ಲ ಅಂತ ಬರೆದವರಿಗೂ ಗೊತ್ತುಂಟು, ಅಲ್ವಾ?

ಇಚ್ಚ ಈಗಲೂ ಪೆನ್ಶನ್ ಮಸ್ಟರಿಂಗಿಗೆ ನನ್ನ ಕೌಂಟರಿಗೇ ಬರುತ್ತಾರೆ. ಯಂತ್ರದ ಮೇಲೆ ಬೆರಳು ಇಟ್ಟರೆ ಕೆಲಸ ಮುಗಿಯಿತು. ಆಧಾರ್ ಒಂದೇ ಸಾಕು ಇಚ್ಚ ಅಂತ ಪ್ರತಿ ಸಲ ಹೇಳುತ್ತೇನೆ. ತಲೆ ಆಡಿಸುತ್ತಾರೆ. ಮುಂದಿನ ಸಲ ಮತ್ತೆ ಆ ಕವರ್ ಪೂರ್ತಿ ತರುತ್ತಾರೆ.