ಮೊದಲು ಸಂದಿ ಕೆರೆದು ನೋಡು, ತಂಗಿ

ಇಲ್ಲಿ ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್ ಮೇಲಿನ ಗುಡ್ಡದಲ್ಲಿ ಹಳೇ ಕಲ್ಲಿನ ಫಾರ್ಮ್‌ಹೌಸ್ ಮಾರಾಟಕ್ಕಿದೆ, ಬಾಗಿಲ ಮೇಲೆ 1672 ಅಂತ ಕೆತ್ತಿದ್ದಾರೆ, ತಗೊಳ್ಳಬಹುದಾ, ಚಳಿ ತಡೆಯುತ್ತಾ, ಶಾಲೆ ಹೇಗೆ, ಜೋಳದ ಹಿಟ್ಟು ಎಲ್ಲಿ ಸಿಗುತ್ತೆ ಅಂತ ಒಂದೇ ಉಸಿರಿಗೆ ಕೇಳಿದ್ದೀಯ. ಶಾಲೆ ಚಲೋ ಇವೆ. ಹಿಟ್ಟು ಬ್ರಾಡ್‌ಫರ್ಡಿನಲ್ಲಿ ಸಿಗುತ್ತೆ, ಹಳೇದಿದ್ದರೆ ರೊಟ್ಟಿ ಹರಿಯುತ್ತೆ. ಉಳಿದದ್ದೆಲ್ಲ ಮನೆಯ ಮಾತು.

2004ರಲ್ಲಿ ಇಲ್ಲಿಗೆ ಬಂದ ವಾರವೇ ಬಸ್ಸಿನ ಕಿಟಕಿಯಿಂದ ಇಂಥದೊಂದು ಮನೆ ಕಂಡು ಬಾಗಲಕೋಟೆ ಕಡೆಯ ಊರು ಕಂಡಷ್ಟೇ ಖುಷಿಯಾಗಿತ್ತು. ಎರಡಡಿ ದಪ್ಪದ ಗೋಡೆ. ಹೊರಗೊಂದು ಒಳಗೊಂದು ಕಲ್ಲಿನ ಪದರ, ನಡುವೆ ಚೂರುಕಲ್ಲು ಮಣ್ಣು, ಎರಡನ್ನೂ ಹಿಡಿದಿಡಲು ಅಲ್ಲಲ್ಲಿ ಅಡ್ಡ ಉದ್ದಗಲ್ಲು. ಸೂರಿನ ಅಂಚಿಗೆ ದೊಡ್ಡ ಕಲ್ಲುಹಂಚು, ಮೇಲೇರಿದಂತೆ ಚಿಕ್ಕವು. ಕಿಟಕಿಗೆ ಕಲ್ಲಿನ ಕಂಬಗಳ ಸಾಲು, ಅದರ ಮೇಲೆ ಮಳೆನೀರು ಆಚೆ ಬೀಳಿಸುವ ಕಲ್ಲಿನ ಹುಬ್ಬು. ಮನೆ, ದನ, ಹುಲ್ಲು ಎಲ್ಲ ಒಂದೇ ಸೂರಿನಡಿ ಇದ್ದರೆ ಲೇತ್ ಹೌಸ್ ಅಂತಾರೆ, ದನ ಕಟ್ಟುವ ಜಾಗಕ್ಕೆ ಮಿಸ್ಟಲ್. ನಮ್ಮ ದಂದಕ್ಕಿ, ಗ್ವಾದಲಿ ನೋಡಿದ ನಿನಗೆ ಬಿಡಿಸಿ ಹೇಳಬೇಕಿಲ್ಲ. 1672ರ ಕೆಳಗೋ ಪಕ್ಕಕ್ಕೋ ಮೂರಕ್ಷರ ಇದ್ದರೆ ಸಾಮಾನ್ಯವಾಗಿ ಒಂದು ಮನೆತನದ್ದು, ಎರಡು ಗಂಡ ಹೆಂಡತಿಯವು. ಆ ಇಸವಿಯನ್ನು ಪೂರ್ತಿ ನಂಬಬೇಡ. ಹಳೇ ಕಲ್ಲನ್ನು ಹೊಸ ಗೋಡೆಗೆ ಕೂರಿಸಿದ್ದೂ ಉಂಟು.

ಈಗ ನನ್ನ ಕತೆ. 2009ರಲ್ಲಿ ಇಂಥದ್ದೇ ಮನೆ ಕೊಂಡೆ. ಮೊದಲ ಚಳಿಗಾಲಕ್ಕೇ ಪಡುವಣ ಗೋಡೆ ಒದ್ದೆ. ಕಂಟ್ರ್ಯಾಕ್ಟರ್ ಒಬ್ಬ ಬಂದು ಗೋಡೆಗೆ ತೇವ ಅಳೆಯುವ ಮೀಟರ್ ಚುಚ್ಚಿದ, ಅದು ಕಿರ್ ಅಂತು. ತೇವ ಮೇಲೇರದಂತೆ ಬುಡಕ್ಕೆ ತೂತು ಹೊಡೆದು ಕೆಮಿಕಲ್ ತುಂಬೋಣ, ಕಲ್ಲುಗಳ ನಡುವಿನ ಸಂದಿಗೆ ಸಿಮೆಂಟು, ಒಳಗೆ ಸಿಮೆಂಟ್ ಗಿಲಾವು ಅಂದ. ಮಾಡಿಸಿದೆ. ನಾನೂ ಇಂಜಿನಿಯರ್ ತಾನೆ, ಸಾಫ್ಟ್‌ವೇರಿನವನು!

ಈ ಗೋಡೆಗಳು ನೆನೆದು ಒಣಗಿಯೇ ಬದುಕುವಂಥವು. ಒಳಹೊಕ್ಕ ತೇವ ಸಂದಿಯ ಸುಣ್ಣದ ಗಾರೆಯಿಂದ ಆಚೆ ಹೋಗಬೇಕು. ಸಿಮೆಂಟು ಆ ದಾರಿ ಮುಚ್ಚುತ್ತೆ, ಆದರೆ ಅದರ ಕೂದಲೆಳೆ ಬಿರುಕಿನಲ್ಲಿ ಮಳೆನೀರು ಇಳಿಯುತ್ತಲೇ ಇರುತ್ತೆ. ತೇವ ಕಲ್ಲಿಗೇ ತಿರುಗುತ್ತೆ, ಹಿಮಗಾಲದಲ್ಲಿ ಅಲ್ಲೇ ಹೆಪ್ಪುಗಟ್ಟಿ ಉಬ್ಬುತ್ತೆ. ನಾಲ್ಕನೇ ಚಳಿಗಾಲ ಮುಗಿಯುವಾಗ ಮರಳುಗಲ್ಲಿನ ಮುಖ ಬಿಸ್ಕತ್ತಿನ ಹಾಗೆ ಪದರಪದರ ಉದುರಿತ್ತು, ಸಿಮೆಂಟು ಮಾತ್ರ ಹೊಲದ ಬದುವಿನಂತೆ ಎದ್ದು ನಿಂತಿತ್ತು. ಒಳಗೆ ತೊಲೆಯ ತುದಿಗೆ ಸ್ಕ್ರೂಡ್ರೈವರ್ ಒತ್ತಿದರೆ ಹಿಡಿವರೆಗೂ ಇಳಿಯಿತು. ಸಿಮೆಂಟು ಕೀಳಿಸಿ ಸುಣ್ಣ ತುಂಬಿಸಲು ಎರಡು ಬೇಸಿಗೆ ಹಿಡಿಯಿತು, ಕಲ್ಲಿನ ಅಂಚುಗಳು ಸಿಮೆಂಟಿನ ಜೊತೆಗೇ ಹೋದವು. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ ಜೋಸೆಫ್ ಆಸ್ಪ್‌ಡಿನ್ ಇಲ್ಲೇ ಪಕ್ಕದ ಲೀಡ್ಸಿನ ಗಾರೆ ಕೆಲಸದವನು, 1824ರಲ್ಲಿ. ಆ 1672 ನಿಜವಾದರೆ ನಿನ್ನ ಮನೆಗೆ ಆಗಲೇ ನೂರೈವತ್ತು ವರ್ಷ.

ಇಷ್ಟೇ ಆಗಿದ್ದರೆ ದುಡ್ಡು ಹೋಯಿತು ಅಂತ ಸುಮ್ಮನಿರುತ್ತಿದ್ದೆ. ಇಲ್ಲಿನ ಮೊದಲ ಉಳಿತಾಯವನ್ನು ಊರಿಗೆ ಕಳಿಸಿ ನಮ್ಮ ಮಣ್ಣಿನ ಗೋಡೆಗೂ ಸಿಮೆಂಟ್ ಗಿಲಾವು ಹೊಡೆಸಿದವನು ನಾನೇ. ಅವ್ವ ಫೋನಿನಲ್ಲಿ, 'ಗ್ವಾಡಿ ಬೆವರಾಕ ಹತ್ತೇತಿ' ಅಂದಳು. ನಕ್ಕೆ. ಮೂರನೇ ಮಳೆಗಾಲಕ್ಕೆ ಹಿತ್ತಲಗೋಡೆ ಕುಂತಿತು. ಈಗ ಅಲ್ಲಿ ಆರ್‌ಸಿಸಿ ಮನೆ, ಅವ್ವ ಇಲ್ಲ.

ಚಳಿ ಕೇಳಿದೆಯಲ್ಲ, ಗೋಡೆ ಒಣಗಿದ್ದರೆ ತಡೆಯಬಹುದು. ಗ್ರೇಡ್ 2 ಲಿಸ್ಟೆಡ್, ಅಂದರೆ ಕಾನೂನು ಕಾಯುವ ಹಳೇ ಕಟ್ಟಡಗಳ ಪಟ್ಟಿಯಲ್ಲಿ, ಇದೆಯೋ ನೋಡು, ಇದ್ದರೆ ಒಪ್ಪಿಗೆಯಿಲ್ಲದೆ ಮನೆಯ ಚಹರೆ ಬದಲಿಸುವುದು ಕ್ರಿಮಿನಲ್ ಅಪರಾಧ. ಮನೆಯ ಸ್ಥಿತಿ ಪರೀಕ್ಷಿಸಲು ಸುಣ್ಣದ ಕೆಲಸ ಗೊತ್ತಿರುವ ಸರ್ವೇಯರನನ್ನೇ ಹಿಡಿ. ಕವಿ, ವಿನ್ಯಾಸಕಾರ ವಿಲಿಯಂ ಮೋರಿಸ್ 1877ರಲ್ಲಿ ಹಳೇ ಕಟ್ಟಡ ಉಳಿಸಲು ಕಟ್ಟಿದ ಸ್ಪ್ಯಾಬ್ ಅನ್ನುವ ಸಂಘವಿದೆ, ಅವರನ್ನೂ ಕೇಳು. ಮನೆ ನೋಡಲು ಹೋದಾಗ ಕೀಲಿಕೈ ತುದಿಯಿಂದ ಸಂದಿ ಮೆಲ್ಲಗೆ ಕೆರೆ. ಪುಡಿ ಉದುರಿದರೆ ಸುಣ್ಣ, ಕೀಲಿಯೇ ಸವೆದರೆ ಸಿಮೆಂಟು. ಶನಿವಾರ ನಾನೂ ಬರ್ತೀನಿ. ಮಳೆ ಬಂದರೆ ಇನ್ನೂ ಒಳ್ಳೇದು, ಪಡುವಣ ಗೋಡೆ ನೋಡೋಣ.