'ವೆಜ್' ಎಂದಿದ್ದರೆ ಸಾಕೇ?

ಪ್ರಶ್ನೆ: ಹುಬ್ಬಳ್ಳಿಯ ಇಟಾಲಿಯನ್ ರೆಸ್ಟೋರೆಂಟಿಗೆ ಮನೆಮಂದಿಯೆಲ್ಲ ಹೋಗಬೇಕೆಂದಿದ್ದೇವೆ. ನಮ್ಮ ಅತ್ತೆಯವರು ಕಟ್ಟಾ ಸಸ್ಯಾಹಾರಿಗಳು. ಮೆನುವಿನಲ್ಲಿ 'ವೆಜ್' ಎಂದಿದ್ದರೆ ಸಾಕೇ?
— ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಸಾಲದು, ಚೀಸ್ ಯಾವುದೆಂದು ಕೇಳಿಯೇ ಆರ್ಡರ್ ಮಾಡಿ. ಇಟಲಿಯ ಅಸಲಿ ಪಾರ್ಮಿಜಾನೊ ರೆಜ್ಜಾನೊ ಚೀಸಿಗಾಗಿ ಹಾಲನ್ನು ಎಳೆಗರುವಿನ ಜಠರದಿಂದ ತೆಗೆದ ರೆನೆಟ್‌ನಿಂದಲೇ ಹೆಪ್ಪುಗಟ್ಟಿಸುವುದರಿಂದ, ಅದನ್ನು ತುರಿದು ಉದುರಿಸಿದ ಪಾಸ್ತಾ ಆಗಲಿ, ಅರೆದು ಸೇರಿಸಿದ ಪೆಸ್ಟೊ ಎಂಬ ಹಸಿರು ಚಟ್ನಿಯಾಗಲಿ ಅತ್ತೆಯವರಿಗೆ ಸಲ್ಲದು. ಹಸಿರು ಚುಕ್ಕೆಯಿರುವ ಚೀಸಿನ ಬಗ್ಗೆ ಆತಂಕವಿಲ್ಲ. ಪ್ಯಾಕೆಟ್ ತೋರಿಸಿರೆಂದು ಕೇಳಲು ಸಂಕೋಚ ಬೇಡ. ಚೀಸೇ ಇಲ್ಲದ, ಟೊಮ್ಯಾಟೊ, ಬೆಳ್ಳುಳ್ಳಿ, ಆಲಿವ್ ಎಣ್ಣೆಯ ಮರಿನಾರಾ ಪಿಜ್ಜಾವನ್ನೇ ನಾನು ಮೊದಲು ಸೂಚಿಸುತ್ತೇನೆ. ತಾಜಾ ಪಾಸ್ತಾಕ್ಕೆ ಮೊಟ್ಟೆ ಹಾಕುವುದುಂಟು. ಡ್ಯೂರಮ್ ಗೋಧಿ ರವೆಯ ಒಣ ಪಾಸ್ತಾದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅದು ಹಲ್ಲಿಗೆ ತುಸು ಗಟ್ಟಿಯಾಗಿ ಸಿಗುವುದೇ ಸರಿಯಾದ ಹದ. ಹಿರಿಯರಿಗೆ ಮೆತ್ತಗೆ ಬೇಕಿದ್ದರೆ ಮೊದಲೇ ಹೇಳಿ.